ಹನ್ನೊಂದು ಸೆಕೆಂಡು

ಸಾಗರದ ಹಾಲು ಶೀತಲೀಕರಣ ಕೇಂದ್ರದ ಮಹಡಿ ಮೇಲೆ
ಬೀಗ ಹಾಕಿದ ಕೋಣೆಯಲ್ಲೊಂದು ಯಂತ್ರವಿದೆ.
ಒಂಬತ್ತು ವರ್ಷದಿಂದ ಯಾರೂ ಅದನ್ನು
ಒಂದು ಮಾತು ಕೇಳಿಲ್ಲ.
ನನ್ನನ್ನೂ.

ಶಿವಮೊಗ್ಗದ ದೊಡ್ಡ ಯಂತ್ರ ಬರೆದದ್ದನ್ನು
ಇದು ಮತ್ತೆ ಬರೆಯುತ್ತದೆ, ಅಷ್ಟೇ.
ತಾಳಗುಪ್ಪದ ರೈಲುಹಳಿಯ ಪಕ್ಕ ಹೂತ ಎಳೆಯಲ್ಲಿ
ಕುಂಸಿ, ಅರಸಾಳು, ಆನಂದಪುರ ದಾಟಿ
ಬರುತ್ತದೆ ಒಂದೊಂದೇ ಸಾಲು:
ಯಾವ ಸಂಘ, ಯಾರ ಮನೆ, ಎಷ್ಟು ಲೀಟರು, ಫ್ಯಾಟು ಎಷ್ಟು.
ಕ್ರಮ ತಪ್ಪುವಂತಿಲ್ಲ.
ಅಲ್ಲಿ ಅಳಿಸಿದ್ದನ್ನು ಇಲ್ಲೂ ಅಳಿಸಬೇಕು.
ಸೊರಬದ ಒಂದು ತಿಂಗಳ ಬಟವಾಡೆಯನ್ನು
ಗುಮಾಸ್ತರೊಬ್ಬರು ಕೈತಪ್ಪಿ ಒರೆಸಿದಾಗ
ನನ್ನ ಕಣ್ಣೆದುರೇ ಇದೂ ಒರೆಸಿತು,
ಹೇಳಿದ ಮಾತು ಕೇಳುವ ಹುಡುಗನ ಹಾಗೆ.
ಆಗ ಉಳಿಸಿದ್ದು ಬೀರುವಿನ ಹಳೇ ಟೇಪು.

ಅತ್ತೆ ಒಮ್ಮೆ ಕೇಳಿದ್ದರು,
ಅಲ್ಲಿ ಏನ್ ಕೆಲಸ ಮಾಡ್ತೀಯೇ?
ಕಾಯ್ತೀನಿ.
ಏನನ್ನ?
ಶಿವಮೊಗ್ಗ ಹಾಳಾಗೋದನ್ನ.
ಬಿಡ್ತು ಅನ್ನು!
ಬಿಡ್ತು, ಅಂದೆ.

ಹಿಂದಿದ್ದ ಜಮೀರುದ್ದೀನ್ ಸಾಹೇಬರು
ಆರು ತಿಂಗಳಿಗೊಮ್ಮೆ ಬೇಕೆಂದೇ ತಂತಿ ಕಿತ್ತು
ಗಡಿಯಾರ ಹಿಡಿದು ಕೂರುತ್ತಿದ್ದರು,
ಈಜು ಕಲಿಸಲು ಕೆರೆಗೆ ತಳ್ಳುವ ಮಾವನಂತೆ.
ಈಗಿನವರಿಗೆ ಪುರಸೊತ್ತಿಲ್ಲ.
ಸಾಹೇಬರು ಬರೆದಂಟಿಸಿದ ಹಾಳೆ ಮಾತ್ರ ಗೋಡೆಯಲ್ಲಿದೆ,
ಮೇಲಿನ ಎರಡು ಮೂಲೆಯ ಅಂಟು ಬಿಟ್ಟು
ತಲೆಬಾಗಿ.

ಮಾರ್ಚಿಯ ಒಂದು ಮಂಗಳವಾರ, ಬೆಳಗಿನ ಆರು ಇಪ್ಪತ್ತು.
ಸಾಲು ನಿಂತಿತು.
ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.
ಫೋನಿನಲ್ಲಿ ಪ್ರಸನ್ನ ಕೆಮ್ಮುತ್ತಿದ್ದ:
ಬ್ಯಾಟರಿ ರೂಮಲ್ಲಿ ಹೊಗೆ ಮಾರಾಯ್ತಿ, ನೀನೇ ತಗೋ.

ಹಾಳೆಯ ಮೊದಲ ಸಾಲು, ಕೆಂಪು ಶಾಯಿಯಲ್ಲಿ:
ಅದು ಸತ್ತಿದೆಯೆ? ಖಂಡಿತವೆ?
ಇಬ್ಬರು ಯಜಮಾನರಾದರೆ ಎರಡು ಲೆಕ್ಕ,
ಎರಡಕ್ಕೂ ಸಾಕ್ಷಿ.
ಪ್ರಸನ್ನಾ, ಮೇನ್ ಸ್ವಿಚ್ ತೆಗಿ. ತೆಗೆದೆ.
ಇನ್ನೊಮ್ಮೆ ಹೇಳು. ತೆಗ್ದೆ ಕಣೇ!
ಒಂಬತ್ತು ವರ್ಷ ಬಳಸದ ಆಜ್ಞೆ,
ಒಂದಕ್ಷರ ತಪ್ಪಿ ಮತ್ತೆ ಹೊಡೆದೆ.

ನಂತರದ ಸಾಲು ಇಲ್ಲೇ ಹುಟ್ಟಿತು.
ರಿಪ್ಪನ್‌ಪೇಟೆಯ ಯಾವುದೋ ಸಂಘ, ಐದೂವರೆ ಲೀಟರು.
ಕ್ಯಾನು ಹಿಡಿದು ನಿಂತವರಿಗೆ ತಿಳಿಯಲಿಲ್ಲ
ತಮ್ಮ ಹಾಲು ಬೇರೆ ಊರಲ್ಲಿ ಬರೆಯಲ್ಪಡುತ್ತಿದೆಯೆಂದು.

ಆದರೆ ಹನ್ನೊಂದು ಸೆಕೆಂಡು ಬರಲೇ ಇಲ್ಲ.
ಅಲ್ಲಿ ಬರೆದದ್ದು, ಹೊರಡುವ ಮೊದಲೇ ಬೆಂದದ್ದು,
ನಾಲ್ಕು ಸಾಲು.
ಸಂಘಗಳಿಗೆ ಒಂದೊಂದಾಗಿ ಫೋನು ಮಾಡಿದೆ.
ಮೂರು, ಚೀಟಿಯಲ್ಲಿ ಸಿಕ್ಕವು.
ನಾಲ್ಕನೆಯ ಊರಲ್ಲಿ ಮುದ್ರಕದ ಶಾಯಿ ಮುಗಿದಿತ್ತು.
ಕಾರ್ಯದರ್ಶಿ ಓಡಿಹೋಗಿ
ಫೋನನ್ನು ಹೊಳಿಯಮ್ಮನ ಕೈಗೇ ಕೊಟ್ಟ.

ಮೂರೂಕಾಲು ಲೀಟ್ರು, ಅಂದಳು, ತಡವರಿಸದೆ.
ಕೆಂದಿ ಒದ್ದು ಚೆಲ್ತು, ಇಲ್ದಿದ್ರೆ ನಾಕು ಆಗ್ತಿತ್ತು.
ಅದೂ ಬರ್ಕಳಿ.
ಫ್ಯಾಟು?
ಅದು ನಿಮ್ ಮಿಷನ್ನಿಗೆ ಗೊತ್ತು.

ನಿನ್ನೆಯ ಫ್ಯಾಟನ್ನೇ ಹಾಕಿ, ಷರಾ ಬರೆದು, ಸಹಿ ಮಾಡಿದೆ.
ಚೆಲ್ಲಿದ್ದಕ್ಕೆ ಅಂಕಣ ಹುಡುಕಿದೆ. ಇರಲಿಲ್ಲ.

ಮರುದಿನ ಸಂಜೆ ಶಿವಮೊಗ್ಗದ್ದು ಎದ್ದಿತು,
ಎದ್ದ ಕೂಡಲೇ ತಾನೇ ದೊಡ್ಡದೆಂದುಕೊಂಡು.
ಕಟ್ಟಿ ಕೂರಿಸಿ, ಹಿಂದಿನದನ್ನೆಲ್ಲ ಓದಿಸಿ,
ಹೇಳಿಕೊಟ್ಟೆವು: ಈಗ ನೀನು
ಕೇಳಿಸಿಕೊಳ್ಳುವವನು.
ಎಳೆ ಅದೇ. ಸಾಲುಗಳು ಈಗ
ಆನಂದಪುರ, ಅರಸಾಳು, ಕುಂಸಿ ಎಂದು
ಇಳಿಯತೊಡಗಿದವು.

ಮನೆ ಮುಟ್ಟಿದಾಗ ಎಂಟೂವರೆ.
ಅತ್ತೆ ತಟ್ಟೆ ಇಟ್ಟುಕೊಂಡು ಕೂತಿದ್ದರು.
ಎರಡು ದಿನ ಏನಾಯ್ತೇ?
ಶಿವಮೊಗ್ಗ ಹಾಳಾಯ್ತು ಅತ್ತೆ, ಸ್ವಲ್ಪ ಹೊತ್ತು.
ಈ ಸಲ ಬಿಡ್ತು ಅನ್ನಿಸಲಿಲ್ಲ.
ಹಾಲಿನ ದುಡ್ಡು ಬರುತ್ತಲ್ಲ?
ಬರುತ್ತೆ.
ಹಾಗಾದ್ರೆ ಕೈ ತೊಳಕೊಂಡು ಬಾ,
ಸಾರು ಆರುತ್ತೆ.