ಹಸಿರು ಚುಕ್ಕೆ

ಹೆಲ್ದುರ್ ಫೋನು ಮಾಡಿದ್ದು ರಾತ್ರಿ ಎರಡೂಕಾಲಿಗೆ.
ತಾರ್ತುವಿನಲ್ಲಿ ಮೈನಸ್ ಹತ್ತೊಂಬತ್ತು,
ನನ್ನ ಕಾಫಿಯ ಮೇಲೆ ಆಗಲೇ ಕೆನೆ.
"ನನ್ನ ಸರ್ವರ್ ಸತ್ತಿದ್ದರೆ ಹೇಳಿಬಿಡಿ,
ಎಪ್ಪತ್ತೆರಡಾಯಿತು, ತಡೆದುಕೊಳ್ಳುತ್ತೇನೆ."

ಪರದೆ ನೋಡಿದೆ. ಹೆಸರಿನ ಪಕ್ಕ ಹಸಿರು ಚುಕ್ಕೆ.
"ಚಾಲನೆಯಲ್ಲಿದೆ" ಎಂದು
ಗಿಳಿಪಾಠ ಒಪ್ಪಿಸಿದೆ.

"ಮತ್ತೇಕೆ ಓಗೊಡುತ್ತಿಲ್ಲ?"

ಹಿಯೂಮಾ ದ್ವೀಪದಲ್ಲಿ ಅವನ ಹದಿನೇಳು ಜೇನುಪೆಟ್ಟಿಗೆ,
ಪ್ರತಿಯೊಂದರ ಅಡಿಗೂ ಒಂದು ತಕ್ಕಡಿ.
ಗಂಟೆಗೊಮ್ಮೆ ತಮ್ಮ ತೂಕ ಬರೆದು ಕಳಿಸುತ್ತವೆ
ನನ್ನ ಬೆನ್ನ ಹಿಂದಿನ ಈ ಕೋಣೆಗೆ.
ಇಲ್ಲಿ ಒಂದೇ ಕಬ್ಬಿಣದ ಮೈಯಲ್ಲಿ ನಲವತ್ತು ಬಾಡಿಗೆಯ ಜೀವ:
ಪಾದ್ರಿಯೊಬ್ಬನ ಪ್ರವಚನ, ಒಂದು ಬೂಟಿನ ಅಂಗಡಿ,
ಯಾರದೋ ಮುರಿದ ಮದುವೆಯ ಫೋಟೋಗಳು,
ನಡುವೆಲ್ಲೋ ಹೆಲ್ದುರನ ಚಳಿಗಾಲ.
ಗೋಡೆಯಿಲ್ಲ. ಆದರೂ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳದು.

ತರಬೇತಿಯಲ್ಲಿ ಕಲಿತಂತೆ ಬಿಡಿಸಿ ಹೇಳತೊಡಗಿದೆ.
ನಿಂತಿದೆ ಎಂದರೆ ನಿಂತಿದೆ,
ಬರೆದಿಟ್ಟದ್ದು ಉಳಿದಿದೆ, ಬಾಯಲ್ಲಿದ್ದದ್ದು ಹೋಗಿದೆ.
ವಿರಾಮ ಎಂದರೆ ಎತ್ತಿದ ಕಾಲು ಎತ್ತಿದಂತೆಯೇ,
ಬಿಟ್ಟರೆ ಅರ್ಧ ಪದದಿಂದಲೇ ಮುಂದಕ್ಕೆ.
ನಡುವೆ ಕಳೆದ ಗಂಟೆಗಳು ಅದರ ಲೆಕ್ಕದಲ್ಲೇ ಇಲ್ಲ.
ಅಮಾನತು ಎಂದರೆ ಬಾಕಿ;
ಬೀಗ ನಮ್ಮದು, ಸಾಮಾನು ನಿಮ್ಮದು.
ಅಳಿಸಿದ್ದು ಎಂದರೆ...
"ಅದು ಬೇಡ," ಎಂದ ಮುದುಕ.
"ಚಾಲನೆ ಎಂದರೆ?"

ಅಲ್ಲಿ ನಾಲಿಗೆ ತೊಡರಿತು.
ಏಳು ವರ್ಷದಿಂದ ದಿನಕ್ಕೆ ನೂರು ಸಲ ಓದುವ ಪದ.
ಕರೆಂಟು ಹರಿಯುತ್ತಿದೆ, ಅದರ ಪಾಲಿನದು ಅದಕ್ಕೆ ಮುಟ್ಟಿದೆ,
ನಾವು ಬಲ್ಲದ್ದು ಹೊಸಿಲವರೆಗೆ.
ದೀಪ ಉರಿಯುವ ಮನೆ.
ಒಳಗೆ ಯಾರಿದ್ದಾರೆಂದು ದೀಪಕ್ಕೇನು ಗೊತ್ತು?

ಆಚೆ ಬದಿ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಅವನೇ ನನಗೆ ಹೇಳಿಕೊಟ್ಟ:
ಚಳಿಯಲ್ಲಿ ಪೆಟ್ಟಿಗೆ ತೆರೆಯಬಾರದು.
ಕಿವಿ ಆನಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಬೇಕು.
ಗುಂಯ್ಯೆಂದು ಎದ್ದು ತಟ್ಟನೆ ಅಡಗಿದರೆ ಕ್ಷೇಮ.
ಎದ್ದ ದನಿ ಅಡಗದೆ ನರಳಿದರೆ ರಾಣಿಯಿಲ್ಲ.
ಏನೂ ಕೇಳದಿದ್ದರೆ
ಇನ್ನೊಮ್ಮೆ ತಟ್ಟಬೇಕು.
"ನೀವು ತಟ್ಟಿದಿರಾ?"

ತಟ್ಟಿದೆ. ನಾಲ್ಕು ಪಿಂಗ್ ಹೋದವು, ಒಂದೂ ಮರಳಲಿಲ್ಲ.
ಕನ್ಸೋಲಿನ ಹಿಂಬಾಗಿಲಿಂದ ಇಣುಕಿದೆ.
ಡಿಸ್ಕು ಕಂಠಮಟ್ಟ ತುಂಬಿ
ಇನ್ನೊಂದು ಸಾಲಿಗೂ ಜಾಗವಿಲ್ಲದೆ
ಜಾಗವಿಲ್ಲ, ಜಾಗವಿಲ್ಲ ಎಂದು ಕನವರಿಸುತ್ತಿತ್ತು,
ಮೂರು ಚಳಿಗಾಲದ ತೂಕಗಳ ಅಡಿಯಲ್ಲಿ.

"ನರಳುತ್ತಿದೆ," ಎಂದೆ. "ಆದರೆ ರಾಣಿ ಇದ್ದಾಳೆ."

ಒಂದೊಂದೇ ಕಡತ, ಅವನನ್ನು ಕೇಳಿ ಕೇಳಿ ಅಳಿಸಿದೆ.
ನಾಲ್ಕನೆಯ ಪೆಟ್ಟಿಗೆಗೆ ಬಂದಾಗ ತಡೆದ.
"ಅದು ಮಾರ್ಚಿನಿಂದಲೇ ಖಾಲಿ.
ಪಾಪ, ಈಗಲೂ ಗಂಟೆಗೊಮ್ಮೆ ತೂಕ ಕಳಿಸುತ್ತದೆ.
ಅದರದ್ದು ಇರಲಿ ಬಿಡಿ."

ಬಿಟ್ಟೆ. ರೀಬೂಟ್ ಒತ್ತಿದೆ.
ಹಸಿರು ಹೋಗಿ ಹಳದಿ ತಿರುಗತೊಡಗಿತು,
ತೊಂಬತ್ತು ಸೆಕೆಂಡು
ಎರಡು ಊರುಗಳಲ್ಲಿ ಇಬ್ಬರು ಉಸಿರು ಬಿಗಿಹಿಡಿದು.
ಮತ್ತೆ ಹಸಿರು.

ಹಸಿರನ್ನು ನಂಬದೆ
ತಟ್ಟಿದೆ.