ನೂಲಿನ ಬಾಕಿ

ವಾಲ್ಸಾಲ್ ಊರಲ್ಲಿ ಕುದುರೆಗಳಿಲ್ಲ.
ಜೀನು ಮಾತ್ರ ಹೊಲಿಯುತ್ತಾರೆ, ತಲೆತಲಾಂತರದಿಂದ,
ಯಾರದೋ ಕುದುರೆಗೆ, ಯಾರದೋ ಕುಂಡಿಗೆ.
ಹನ್ನೊಂದು ವರ್ಷ ಅಲ್ಲಿ ಲೆಕ್ಕ ಬರೆದವಳು ನಾನು:
ಪೆಡ್ಲಿ ಅಂಡ್ ಸನ್ಸ್ ಲಿಮಿಟೆಡ್, ಮಹಡಿ ಮೇಲಿನ ಕೋಣೆ.
ಕೆಳಗಿನ ತೊಗಲಿನ ವಾಸನೆ ಮೆಟ್ಟಿಲು ಹತ್ತಿ ಬಂದು
ನನ್ನ ಬುತ್ತಿಯೊಳಗೆ ಕೂತು
ಚಪಾತಿಗೂ ಒಂದು ನಮೂನೆ ಲಗಾಮಿನ ರುಚಿ.

ಸನ್ಸ್ ಯಾರೂ ಇರಲಿಲ್ಲ.
ಕ್ಲಿಫರ್ಡ್ ಪೆಡ್ಲಿಗೆ ಒಬ್ಬಳೇ ಮಗಳು,
ಅವಳಿಗೆ ಕುದುರೆ ಕಂಡರೆ ಸೀನು.

ನವೆಂಬರಿನಲ್ಲಿ ಸಾಲ ಕೊಟ್ಟವರ ಸಭೆ.
ಬರ್ಮಿಂಗ್‌ಹ್ಯಾಮಿನಿಂದ ಬಂದ ಹುಡುಗ, ಹೊಸ ಬೂಟು, ಮೆತ್ತನೆ ದನಿ:
"ಕಂಪನಿಯೂ ಒಬ್ಬ ಮನುಷ್ಯ, ಕಾನೂನಿನ ಕಣ್ಣಲ್ಲಿ.
ಪೆಡ್ಲಿ ಬೇರೆ, ಪೆಡ್ಲಿ ಲಿಮಿಟೆಡ್ ಬೇರೆ."
ಎಂಥ ಮನುಷ್ಯ ಮಾರಾಯರೆ!
ಹೊಟ್ಟೆಯಿಲ್ಲ, ಆದರೂ ತಿಂದ.
ಕೊರಳಿಲ್ಲ, ಪಟ್ಟಿ ಹಿಡಿಯೋಣವೆಂದರೆ.
ಸತ್ತ, ಹೆಣವಿಲ್ಲ.
ಹೊರಲಿಕ್ಕೆ ನಾಲ್ಕು ಜನ ಬೇಡ,
ಒಂದು ಫೈಲು ಸಾಕು.

ಡೋರೀನ್ ಹ್ಯಾಕೆಟ್ ಕೈ ಎತ್ತಿದಳು.
(ನಮ್ಮ ಮಾತಲ್ಲಿ ಕೈ ಎತ್ತಿದರೆ ದಿವಾಳಿ;
ಅವಳು ಎತ್ತಿದ್ದು ಬರೀ ಪ್ರಶ್ನೆ ಕೇಳಲಿಕ್ಕೆ.)
ಬ್ಲಾಕ್ಸ್‌ವಿಚ್‌ನಿಂದ ಮೇಣದ ನೂಲು ತರುವವಳು,
ಸತ್ತ ಗಂಡನ ವ್ಯಾನಿನಲ್ಲಿ, ಗುರುವಾರ ಗುರುವಾರ.
"ನಾನು ಕಂಪನಿ ಅಲ್ಲ. ಬರೀ ಡೋರೀನ್.
ನೂಲಿನ ಗಿರಣಿಗೆ ನಾನೇ ತೆರಬೇಕು,
ವ್ಯಾನು ಮಾರಿ, ಸಾಲದಿದ್ದರೆ ಕೆಟಲು ಮಾರಿ.
ನನಗೂ ಒಂದು ಲಿಮಿಟು ಸಿಗುತ್ತದೆಯೇ?"
ಹುಡುಗ ಪೆನ್ನಿಗೆ ಟೋಪಿ ಹಾಕಿದ. ತೆಗೆದ.

ಪೆಡ್ಲಿ ಮುಂದಿನ ಸಾಲಲ್ಲೇ ಕೂತಿದ್ದ
ಕೋಟಿನ ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡು.
ಅವನ ಮನೆಯೂ ಹೋಗಿತ್ತು. ಹೇಳಬೇಕು, ಅದನ್ನೂ ಹೇಳಬೇಕು.
ಬ್ಯಾಂಕು ಮೊದಲೇ ಸ್ವಂತ ಜಾಮೀನು ಬರೆಸಿಕೊಂಡಿತ್ತು.
ಬ್ಯಾಂಕಿಗೆ ಗೊತ್ತು, ಪರದೆಯ ಹಿಂದೆ ಒಬ್ಬ ಉಸಿರಾಡುತ್ತಾನೆಂದು.
ನೂಲಿನವಳಿಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು?

ಪೌಂಡಿಗೆ ಎರಡು ಪೆನ್ನಿ ಬಂದೀತು ಅಂದರು.
ಬರಲಿಲ್ಲ.

ಮಾರ್ಚಿನ ಒಂದು ಮಂಗಳವಾರ, ಸಂತೆ.
ಡೋರೀನ್ ಈಗ ಗುಂಡಿ, ಜಿಪ್ಪು, ಲಾಡಿ ಮಾರುತ್ತಾಳೆ,
ತಗಡಿನ ಡಬ್ಬಿಗಳ ಹಿಂದೆ, ಎರಡು ಸ್ಕಾರ್ಫು ಸುತ್ತಿಕೊಂಡು.
ಪೆಡ್ಲಿ ಬಂದ. ಒಂದು ಲಕೋಟೆ ಇಟ್ಟ.
ನಲವತ್ತು ಪೌಂಡು.
ಅವಳು ಎರಡು ಸಲ ಎಣಿಸಿದಳು,
ಒಂದು ನೋಟನ್ನು ಬೆಳಕಿಗೆ ಹಿಡಿದಳು,
"ಇನ್ನು ಏಳು ಸಾವಿರದ ಇನ್ನೂರ ಹತ್ತು," ಅಂದಳು.
ಉಪಕಾರವಾಯಿತು ಅನ್ನಲಿಲ್ಲ. ರಸೀದಿ ಕೊಡಲಿಲ್ಲ.
ಅವನು ತಲೆಯಾಡಿಸಿ ಬಸ್‌ಸ್ಟಾಪಿನ ಕಡೆ ಹೋದ.
ಮುಂದಿನ ವಾರವೂ ಬಂದನಂತೆ.
ಅದರ ಮುಂದಿನ ವಾರ ಬರಲಿಲ್ಲವಂತೆ.

ಕೊಡಬೇಕಾದ್ದೇನೂ ಇಲ್ಲ ಅವನು, ಕಾನೂನು ಕೇಳಿದರೆ.
ಕೊಡದ ಸಾಲವನ್ನು ಬರೆಯಲು ಬರುತ್ತದೆ ನನಗೆ.
ಇಲ್ಲದ ಸಾಲವನ್ನು ತೀರಿಸುವವನನ್ನು
ಯಾವ ಕಾಲಮ್ಮಿನಲ್ಲಿ ನಿಲ್ಲಿಸುವುದು?

ನಾನು ಮೀನಿನ ಅಂಗಡಿ ಮರೆಯಲ್ಲಿ ನಿಂತು ನೋಡಿದೆ.
ನನಗೂ ಒಂದು ಗುಂಡಿ ಬೇಕಿತ್ತು. ಹತ್ತಿರ ಹೋಗಲಿಲ್ಲ.

ಅಕ್ಟೋಬರ್ ಹದಿನಾಲ್ಕು.
ಖಾತೆಯಲ್ಲಿ ಉಳಿದದ್ದು ಮುನ್ನೂರ ಆರು ಪೌಂಡು.
ಪೆಡ್ಲಿಗೆ ಅಂದಾಜಿತ್ತು.
ಪೆನ್ನಿ ಪೆನ್ನಿ ಗೊತ್ತಿದ್ದದ್ದು ನನಗೊಬ್ಬಳಿಗೆ.
"ಅರವತ್ತು ರೀಲು, ಕಂದು ಬಣ್ಣ, ದಯವಿಟ್ಟು ಬೇಗ"
ಎಂದು ಟೈಪು ಮಾಡಿದವಳು ನಾನು.
ಮೇಲೆ ಕಂಪನಿಯ ಹೆಸರು, ಕೆಳಗೆ ಅವನ ಸಹಿ.
ಬೆರಳು ಯಾರದೆಂದು
ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಬೀಗ ಹಾಕಿದ ದಿನ ಮೇಜಿನ ಮೇಲಿದ್ದ ಒಂದು ರೀಲನ್ನು
ಯಾಕೋ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.
ಅಡುಗೆಮನೆಯ ಡ್ರಾಯರಿನಲ್ಲಿದೆ,
ಚಮಚಗಳ ಜೊತೆ.
ಕಂದು. ಇನ್ನೂ ಒಂದು ಗೇಣು ಬಿಚ್ಚಿಲ್ಲ.