ಬಾಲವಿರುವ ಅಕ್ಷರಗಳು

ಲಿಯೆಪಾಯಾದಲ್ಲಿ ಗಾಳಿಗೆ ರಜೆ ಇಲ್ಲ.
ಬಾಲ್ಟಿಕ್ ಕಡಲಿಂದೆದ್ದು, ಟ್ರಾಮ್ ಹಳಿ ದಾಟಿ,
ಸ್ಮಶಾನದ ಕಚೇರಿಯ ಬಾಗಿಲನ್ನು
ತಾನೇ ತೆಗೆಯುತ್ತದೆ, ತಾನೇ ಹಾಕುತ್ತದೆ.
ಒಳಗೆ ಜೈಗಾ ವೀಟೊಲಾ,
ಎರಡು ಸ್ವೆಟರು, ಒಂದು ಹೀಟರು,
ಸತ್ತವರ ಪಟ್ಟಿ.

ಹದಿನಾಲ್ಕು ವರ್ಷದ ಹಿಂದೆ, ಒಂದು ಫೆಬ್ರವರಿ,
ಔಸ್ಟ್ರಾ ಎಂಬ ಮುದುಕಿ ಬಂದು
ಗಂಡ ಯಾವ ಸಾಲಲ್ಲಿದ್ದಾನೆ ಅಂತ ಕೇಳಿದಳು.
ಹೆಸರು ಕ್ಯಿರ್ಸಿಸ್. ಚೆರ್ರಿ ಅಂತ ಅರ್ಥ.
ಅವರ ಲಿಪಿಯಲ್ಲಿ ಅದು ಬಾಲವಿರುವ ಕೆ;
ಬಾಲವಿಲ್ಲದ ಕೆ ಮುಗಿದ ಕೂಡಲೇ ಅದರ ಸರದಿ.
ಕಂಪ್ಯೂಟರಿಗೆ ಬಾಲ ಕಂಡರೆ ಆಗದು.
ಜೆಡ್ ಅಕ್ಷರದ ಆಚೆ, ಪಟ್ಟಿಯ ಹಿತ್ತಿಲಿಗೆ
ಕ್ಯಿರ್ಸಿಸ್‌ನನ್ನು ತಳ್ಳಿಬಿಟ್ಟಿತ್ತು.
ಮೂರು ಸಲ ಹುಡುಕಿ ಜೈಗಾ 'ಇಲ್ಲ' ಅಂದಳು.
'ಇಲ್ಲ ಅಂದರೆ?' ಅಂದಳು ಮುದುಕಿ,
'ನಾನೇ ಮಣ್ಣು ಹಾಕಿದ್ದೇನೆ.'

ಆ ರಾತ್ರಿ ಬರೆದದ್ದು ಇನ್ನೂರ ಹನ್ನೆರಡು ಸಾಲು.
ಬಾಲ, ಟೋಪಿ, ತಲೆಯ ಮೇಲಿನ ಅಡ್ಡಗೆರೆ,
ಯಾರ ಪಕ್ಕ ಯಾರು ಕೂರಬೇಕೆಂಬ ಲೆಕ್ಕ, ಅಷ್ಟೆ.
ಸರಿಯಾಯಿತೋ ಎಂದು ನೋಡಲು ಒಂದೇ ಹೆಸರು:
ಕ್ಯಿರ್ಸಿಸ್.

ಯಾರಿಗಾದರೂ ಬೇಕಾದೀತು ಅಂತ ಹೊರಗಿಟ್ಟಳು.
ಉಪ್ಪು ಕೇಳಲು ಬರುವ ನೆರೆಯವರ ಹಾಗೆ
ಒಬ್ಬರಾದ ಮೇಲೊಬ್ಬರು ಬಂದು ಒಯ್ದರು,
ಬ್ಯಾಂಕು, ಆಸ್ಪತ್ರೆ, ವಿಮಾನದ ಕಂಪನಿ.
ವಾರಕ್ಕೆ ನಾಲ್ಕು ಕೋಟಿ ಸಲ ಒಯ್ಯುತ್ತಾರಂತೆ ಈಗ.
ಬಟ್ಟಲು ವಾಪಸು ತಂದವರಿಲ್ಲ.
ಸಂಬಳ ಸ್ಮಶಾನದ್ದೇ.

ಕಳೆದ ಮಂಗಳವಾರ ಒಂದು ಯಂತ್ರ
ಬಹಳ ವಿನಯದಿಂದ ತಿದ್ದುಪಡಿ ಕಳಿಸಿತು:
'ಈ ಮೂವತ್ತು ಸಾಲು ಅನಗತ್ಯ ಎಂದು ಕಾಣುತ್ತದೆ.
ಈ ಹೆಸರಿನವರು ಈಗ ಬಳಕೆಯಲ್ಲಿಲ್ಲ.
ತೆಗೆದರೆ ವೇಗ ಹೆಚ್ಚುತ್ತದೆ.
ಎಲ್ಲ ಪರೀಕ್ಷೆಗಳೂ ಹಸಿರು.'
ಹಸಿರೇ ಇದ್ದವು,
ಬಿದ್ದೀತೆಂಬ ಪರೀಕ್ಷೆಯನ್ನೂ ಅದು ತೆಗೆದಿತ್ತಲ್ಲ.
ಆ ದಿನ ಐದು ಮಣ್ಣು ಮುಗಿಸಿ ಬಂದವಳು
ನಿದ್ದೆಗಣ್ಣಲ್ಲಿ ಒಪ್ಪಿಗೆ ಒತ್ತಿದಳು.

ಗುರುವಾರದ ಹೊತ್ತಿಗೆ
ಪೋರ್ಟೊದ ಆಸ್ಪತ್ರೆಯಲ್ಲಿ ಆವಿಲಾ ಎಂಬವರು
ಮೊದಲ ಕುರ್ಚಿಯಿಂದ ಕೊನೆಯ ಕುರ್ಚಿಗೆ ಬಂದಿದ್ದರು.
ಇಜ್ಮಿರ್‌ನ ಶಾಲೆಯಲ್ಲಿ ಹಾಜರಿ ಮುಗಿದೇ ಹೋಯಿತು ಅಂತ
ಶೆಂಗ್ಯುಲ್ ಎಂಬ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು.
ಬಾಲದವರು, ಟೋಪಿಯವರು, ಚುಕ್ಕಿಯವರು
ಲೋಕದ ಎಲ್ಲ ಪಟ್ಟಿಗಳ ಹಿತ್ತಿಲಲ್ಲಿ
ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಸುದ್ದಿಯವರು ಹೇಳಿದರು: ಸರಪಳಿಯ ದುರ್ಬಲ ಕೊಂಡಿ.
ಕೊಂಡಿ ಆಗ ಮೊಟ್ಟೆ ಬೇಯಿಸುತ್ತಿತ್ತು.
ಮುನ್ನೂರ ಹತ್ತು ದೂರುಗಳನ್ನು ನಿಂತೇ ಓದಿದಳು,
ಕೆಲವರು ಅವಳ ತಾಯಿಯವರೆಗೂ ಹೋಗಿದ್ದರು.
ನೀರು ಆರಿ ಪಾತ್ರೆ ಸೀದಿತು.

ಹೊಸ ಆವೃತ್ತಿ ನಡುರಾತ್ರಿ ಹೊರಬಿತ್ತು.
ಏನು ಬದಲಾಯಿತು ಎಂಬಲ್ಲಿ ಒಂದೇ ಸಾಲು:
'ಕ್ಯಿರ್ಸಿಸ್ ತನ್ನ ಜಾಗಕ್ಕೆ ಮರಳಿದ್ದಾನೆ.'
ಎಷ್ಟೋ ದೇಶದ ಎಂಜಿನಿಯರುಗಳು
ಯಾರಿವನು ಅಂತ ಕೇಳಿಕೊಂಡರು.
ಔಸ್ಟ್ರಾ ಈಗ ಅವನ ಪಕ್ಕದಲ್ಲೇ, ಏಳನೆಯ ಸಾಲು.
ಅವಳು ಯಾರನ್ನೂ ಕೇಳುವಂತಿಲ್ಲ.

ಬೆಳಿಗ್ಗೆ ಇನ್ನೊಂದು ಪ್ರಶ್ನೆ ಬಂದಿತ್ತು, ದೂರದಿಂದ.
ಬೈಗುಳವಿಲ್ಲ, ಅವಸರವೂ ಇಲ್ಲ:
'ನಮ್ಮ ಭಾಷೆಯಲ್ಲಿ ಹ ಆದ ಮೇಲೂ
ಒಂದು ಅಕ್ಷರ ಉಳಿಯುತ್ತದೆ, ಳ.
ನಿಮ್ಮ ಪಟ್ಟಿ ಅದನ್ನು ಲ ಪಕ್ಕ ಕೂರಿಸುತ್ತಿದೆ.'

ಎರಡನ್ನೂ ದೊಡ್ಡದು ಮಾಡಿ ನೋಡಿದಳು.
ಉಚ್ಚರಿಸಲು ನಾಲಿಗೆ ಮಡಿಸಿ ಸೋತಳು.
ಪ್ರಶ್ನೆಯನ್ನು ಮುಚ್ಚಲಿಲ್ಲ, ತೆರೆದೇ ಇಟ್ಟಳು.
ಬಂದಳು, ಬರೆದಳು, ಬಳಲಿದಳು, ತಿದ್ದಿದಳು,
ಇಲ್ಲಿ ಅವಳು ಮಾಡಿದ ಎಷ್ಟೊಂದು ಕೆಲಸದ ತುದಿಗೆ
ಆ ಅಕ್ಷರವೇ ಕೂತಿದೆ ಅಂತ
ಅವಳಿಗೆ ಹೇಳುವುದು ಹೇಗೆ?

ಬಾಗಿಲು ತೆರೆದುಕೊಂಡಿತು.
ಗಾಳಿಯೇ ಅಂದುಕೊಂಡು ತಲೆ ಎತ್ತಲಿಲ್ಲ.
ಯಾರೋ ಕೆಮ್ಮಿದರು, ಒಂದು ಹೆಸರು ಹೇಳಿದರು.